ಅಧ್ಯಕ್ಷರ ಸ್ಟೀಲ್ ಪೋಡಿಯಂ, ಸುಮಲತಳ ಟಾರ್ಚು

ಸುಮಲತಳನ್ನು ಮೊದಲ ಸಲ ಕಂಡಾಗ ನಾನು ಎದ್ದು ನಿಂತು ಕೈ ಮುಗಿದಿದ್ದೆ.

ಬಂಗಾರಪೇಟೆಯ ಒಂದು ಕಲ್ಯಾಣ ಮಂಟಪ. ಬೆಳಗಿನ ಏಳು ಗಂಟೆ, ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಬರಿಗಾಲಲ್ಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆಯ ಅಂಚು ಹಿಡಿದು ಮಂಟಪವನ್ನು ಸುತ್ತು ಹಾಕುತ್ತಿದ್ದಳು. ಗದ್ದದ ಹತ್ತಿರ ಏನನ್ನೋ ಎರಡು ಕೈಯಲ್ಲೂ ಹಿಡಿದಿದ್ದಳು. ತುಟಿ ಅಲುಗುತ್ತಿತ್ತು. ಪ್ರತಿ ಕಂಬದ ಬಳಿ ಒಂದು ಕ್ಷಣ ನಿಂತು ಕಣ್ಣು ಮುಚ್ಚುವಳು, ಮತ್ತೆ ಮುಂದಕ್ಕೆ ಹೋಗುವಳು. ನಾದಸ್ವರದವರು ಶ್ರುತಿ ಸರಿಮಾಡಿಕೊಳ್ಳುತ್ತಿದ್ದ ಗಲಾಟೆಯಲ್ಲಿ, ಸ್ಪೀಕರಿನಿಂದ ಸಣ್ಣಗೆ ಬರುತ್ತಿದ್ದ ಎಣಿಕೆಗೂ ಅವಳ ತುಟಿಗೂ ನಂಟಿದೆ ಎಂದು ನನಗೆ ಹೊಳೆಯಲೇ ಇಲ್ಲ. ಇದು ಹರಕೆ, ಗಂಡನ ಆರೋಗ್ಯಕ್ಕೋ ಮಗಳ ಮದುವೆಗೋ ಹೊತ್ತದ್ದು ಎಂದು ತೀರ್ಮಾನಿಸಿದೆ. ಮೂರನೇ ಸುತ್ತಿಗೆ ಅವಳು ನನ್ನ ಹತ್ತಿರ ಬಂದಾಗ ಕುರ್ಚಿ ಸರಿಸಿ, ದಾರಿ ಬಿಟ್ಟು, ಭಕ್ತಿಯಿಂದ ಕೈ ಜೋಡಿಸಿದೆ.

"ಕೂತ್ಕಳಿ ಸಾರ್," ಅಂದಳು ಅವಳು, "ನೀವು ಅಡ್ಡ ನಿಂತ್ರೆ ಸಿಗ್ನಲ್ ಕಟ್ಟಾಯ್ತದೆ."

ಅದು ಹರಕೆಯಾಗಿರಲಿಲ್ಲ. ವೈರ್‌ಲೆಸ್ ಮೈಕಿನ ಪರೀಕ್ಷೆಯಾಗಿತ್ತು. ವರನ ಮಾವ ಎದ್ದು ಯಾವ ಮೂಲೆಗೆ ಹೋಗಿ ಮಾತಾಡಿಯಾನೋ ಯಾರಿಗೆ ಗೊತ್ತು. ಆ ಮೂಲೆಯಲ್ಲಿ ಮೈಕು ಸತ್ತುಹೋಗಬಾರದಲ್ಲ. ಅವಳು ಕಂಬದ ಹತ್ತಿರ ಕಣ್ಣು ಮುಚ್ಚಿದ್ದು ದೇವರನ್ನು ನೆನೆಯಲಿಕ್ಕಲ್ಲ, ಎಣಿಕೆಯಲ್ಲಿ ಯಾವ ಅಂಕಿ ನುಂಗಿಹೋಯಿತು ಎಂದು ಕಿವಿಗೊಟ್ಟು ಕೇಳಲಿಕ್ಕೆ. ನಾನು ಕೂತೆ. ನನ್ನ ತಲೆಯ ಹಿಂದೆ 'ಏಳು' ಸರಿಯಾಗಿ ಕೇಳಿಸುವವರೆಗೂ ಅವಳು ಕದಲಲಿಲ್ಲ.

ಸುಮಲತ ಬಂಗಾರಪೇಟೆ ಪಕ್ಕದ ಹಳ್ಳಿಯವಳು. 'ಚೌಡೇಶ್ವರಿ ಸೌಂಡ್ಸ್' ಎಂಬ ಹೆಸರಿಟ್ಟು ಅಂಗಡಿ ತೆರೆದವನು ಅವಳ ಗಂಡ ನಾಗೇಶ್. ಐದು ವರ್ಷದ ಹಿಂದೆ ಒಂದು ನಾಮಕರಣದ ಮನೆಯಲ್ಲಿ ಅವನು ಎಡಗೈಯಲ್ಲಿ ವೈರಿನ ಮೈಕು ಹಿಡಿದುಕೊಂಡೇ, ಬಲಗೈಯಿಂದ ಕೀಬೋರ್ಡಿನ ಕಬ್ಬಿಣದ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಲು ಹೋದ. ಸ್ಟ್ಯಾಂಡಿಗೆ ಎಲ್ಲಿಂದಲೋ ಕರೆಂಟು ಇಳಿದಿತ್ತು. ಮೈಕಿನ ವೈರು ಭೂಮಿಗೆ ಸೇರಿತ್ತು. ನಡುವೆ ನಾಗೇಶ. ಅವನು ಕೂಗಲಿಲ್ಲ. ಕೂಗಲಾಗಲಿಲ್ಲ. ಹಲ್ಲು ಕಚ್ಚಿದ ಅವನ ಮುಖ ದೂರದಿಂದ ನಗುವಿನ ಹಾಗೇ ಕಾಣುತ್ತಿತ್ತಂತೆ. ಬಂದವರಲ್ಲಿ ಒಬ್ಬರು ಫೋಟೋವನ್ನೂ ತೆಗೆದರು. ಸ್ಪೀಕರುಗಳಿಂದ ಮಾತ್ರ ಗುಂಯ್ ಎನ್ನುವ ದಪ್ಪನೆಯ ಗುಂಗು ಹೊರಟಿತ್ತು. ಮೂಲೆಯಲ್ಲಿ ಎಲೆಯಡಿಕೆ ಹಂಚುತ್ತಿದ್ದ ಸುಮಲತ ಆ ಗುಂಗಿಗೆ ತಲೆಯೆತ್ತಿ ನೋಡಿ, ತಟ್ಟೆ ಎಸೆದು ಓಡಿ ಪ್ಲಗ್ಗು ಕಿತ್ತಳು.

ನಾಗೇಶ ಉಳಿದ. ಬಲಗೈಯ ಎರಡು ಬೆರಳು ಮಾತ್ರ ಮಡಚುವುದಿಲ್ಲ. ಈಗ ನಾಲ್ಕು ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುತ್ತಾನೆ; ಮೈಕು ಕಂಡರೆ ಇಂದಿಗೂ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ದೊಡ್ಡ ಸಾಹೇಬರ ಹಾಗೆ ನಿಲ್ಲುತ್ತಾನೆ. ಅಂಗಡಿ ಮುಚ್ಚುತ್ತದೆ ಎಂದು ಊರು ಮಾತಾಡಿಕೊಳ್ಳುತ್ತಿರುವಾಗ ಸುಮಲತ ಬೆಂಗಳೂರಿಗೆ ಹೋಗುವ ರೈಲು ಹತ್ತಿ, ಸಂಜೆಯ ರೈಲಿಗೆ ಮೂರು ಮೈಕಿನ ವೈರ್‌ಲೆಸ್ ಸೆಟ್ಟು ಮಡಿಲಲ್ಲಿಟ್ಟುಕೊಂಡು ಬಂದಳು. ಶೋಕಿ ಎಂದರು. ಶೋಕಿಯಲ್ಲ ಎಂದು ಅವಳು ಯಾರಿಗೂ ವಿವರಿಸಲು ಹೋಗಲಿಲ್ಲ. ವೈರಿಲ್ಲದ ಮೈಕು ಹಿಡಿದವನು ಯಾವುದಕ್ಕೂ ಕಟ್ಟಿಹಾಕಿಕೊಂಡಿರುವುದಿಲ್ಲ, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಆದರೆ ಆ ಸೆಟ್ಟಿಗೂ ಅದರದ್ದೇ ಮಡಿ ಮೈಲಿಗೆ ಇದೆ. ಮೈಕಿನ ದನಿ ಹಿಡಿಯುವ ಪೆಟ್ಟಿಗೆಯನ್ನು ಆಳೆತ್ತರದಲ್ಲಿ, ವೇದಿಕೆಗೆ ಕಾಣುವಂತೆ ಇಡಬೇಕು. ಕಬ್ಬಿಣದ ಬೀರುವಿನ ಹಿಂದೆ ಇಟ್ಟರೆ ಮುಗಿಯಿತು. ಒಂದೊಂದು ಮೈಕಿಗೂ ಬೇರೆ ಬೇರೆ ಚಾನೆಲ್ಲು. ಪಕ್ಕದಲ್ಲೇ ಇನ್ನೊಂದು ಸಮಾರಂಭ ಇದ್ದರೆ ಇಲ್ಲಿನ ಭಾಷಣ ಅಲ್ಲಿನ ಸ್ಪೀಕರಿನಲ್ಲಿ ಬಂದುಬಿಡಬಹುದು. ಹಾಗಾಗಿ ಅವಳೂ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್‌ನ ಸೌಂಡಿನ ಸೆಲ್ವರಾಜನೂ ಒಂದು ಒಪ್ಪಂದ ಮಾಡಿಕೊಂಡಿದ್ದಾರೆ: ಯಾರು ಮೊದಲು ಬಂದರೋ ಅವರು ತಮ್ಮ ಚಾನೆಲ್ ನಂಬರನ್ನು ಸೀಮೆಸುಣ್ಣದಲ್ಲಿ ಗೇಟಿನ ಮೇಲೆ ಬರೆಯಬೇಕು. ಪ್ರತಿ ಸಮಾರಂಭಕ್ಕೂ ಹೊಸ ಬ್ಯಾಟರಿ. ಅರ್ಧ ಮುಗಿದದ್ದನ್ನು ಅವಳು ಎಸೆಯುವುದಿಲ್ಲ, ಕೇರಿಯವರಿಗೆ ಹಂಚುತ್ತಾಳೆ. ಅವಳ ಹಳ್ಳಿಯ ಬಹುತೇಕ ಗೋಡೆ ಗಡಿಯಾರಗಳು ಗಣ್ಯರು ಮಾತಾಡಿ ಮುಗಿಸಿದ ಮೇಲೆ ಉಳಿದ ಶಕ್ತಿಯಿಂದಲೇ ನಡೆಯುತ್ತಿವೆ.

ಇನ್ನೊಂದು ಮುಖ್ಯವಾದ ಕೆಲಸವೆಂದರೆ ಮ್ಯೂಟ್ ಬಟನ್ನು. ಭಾಷಣ ಮುಗಿಸಿದವರು ಕಾಲರಿನ ಮೈಕನ್ನು ಹಾಗೇ ಹೊತ್ತುಕೊಂಡು ಬಚ್ಚಲಿಗೆ ಹೋಗುತ್ತಾರೆ, ಅಥವಾ ಊಟದ ಮನೆಯಲ್ಲಿ ಬೀಗರ ಬಗ್ಗೆ ಮನಸ್ಸು ಬಿಚ್ಚುತ್ತಾರೆ. ಅವರು ವೇದಿಕೆಯ ಮೆಟ್ಟಿಲಿಳಿಯುವ ಮೊದಲೇ ಅವಳ ಬೆರಳು ಬಟನ್ನಿನ ಮೇಲಿರುತ್ತದೆ. ತಾಲ್ಲೂಕಿನ ಎಷ್ಟೋ ದೊಡ್ಡ ಮನೆತನಗಳ ಮಾನ ಆ ಒಂದು ಬೆರಳಿನ ಮೇಲೆ ನಿಂತಿದೆ. ಅವರಿಗದು ಗೊತ್ತಿಲ್ಲ.

ಇಷ್ಟೆಲ್ಲ ಶಿಸ್ತು ಎಲ್ಲಿಂದ ಬಂತು ಎಂದರೆ ಅವಳ ಅಪ್ಪನಿಂದ. ಮುನಿನಾರಾಯಣಪ್ಪ ಕೆ.ಜಿ.ಎಫ್.ನ ಚಿನ್ನದ ಗಣಿಯಲ್ಲಿ ಗಂಟೆಯವನಾಗಿದ್ದ. ಪಾತಾಳದಲ್ಲಿ ಪಂಜರದಂಥ ಲಿಫ್ಟಿಗೆ ಜನರನ್ನು ಹತ್ತಿಸಿ, ಬಾಗಿಲು ಹಾಕಿ, ಮೇಲಿರುವ ಯಂತ್ರದವನಿಗೆ ಗಂಟೆ ಬಾರಿಸಿ ತಿಳಿಸುವ ಕೆಲಸ. ಅವನ ಲೆಕ್ಕದಲ್ಲಿ ಒಂದು ಹೊಡೆತ ಎಂದರೆ ನಿಲ್ಲು. ಎರಡು ಎಂದರೆ ನಡೆಯಲಿ. ಮೂರು ಎಂದರೆ ಮನುಷ್ಯರಿದ್ದಾರೆ, ಮೆಲ್ಲಗೆ. ಹೊಡೆದಷ್ಟೇ ಗಂಟೆ ಮೇಲಿನಿಂದ ವಾಪಸು ಬಂದ ಮೇಲೆಯೇ ಪಂಜರ ಕದಲಬೇಕು. ಒಂದು ಹೊಡೆತದ ಮೇಲೆ ನಿಂತದ್ದು, ಇನ್ನೊಂದು ಗಂಟೆ ಬರುವವರೆಗೆ ಆಕಾಶ ಬಿದ್ದರೂ ನಿಂತೇ ಇರಬೇಕು.

ಗಣಿ ಮುಚ್ಚಿದ ಮೇಲೆ ಹಳ್ಳಿಗೆ ಬಂದರೂ ಮುದುಕನ ಅಭ್ಯಾಸ ಮುಚ್ಚಲಿಲ್ಲ. ಕೊಟ್ಟಿಗೆಗೂ ಮನೆಗೂ ನಡುವೆ ಅವನದು ಟಾರ್ಚಿನ ಭಾಷೆ. ಹಳೆಯ ಹಿತ್ತಾಳೆ ಟಾರ್ಚು, ಅರಿಶಿನ ಬಣ್ಣದ ಬೆಳಕು. ಒಂದು ಮಿಣುಕು ಕಂಡರೆ ಹಾವೋ ಹುಳುವೋ ಇದೆ, ಇದ್ದಲ್ಲೇ ನಿಲ್ಲು ಎಂದು. ಸುಮಲತ ಅಕ್ಷರ ಕಲಿಯುವ ಮೊದಲೇ ಇದನ್ನು ಕಲಿತಿದ್ದಳು. ಆ ಟಾರ್ಚು ಈಗ ಅವಳ ಸೌಂಡಿನ ಪೆಟ್ಟಿಗೆಯಲ್ಲಿದೆ. ಅದರ ಗುಂಡಿ ಸ್ವಲ್ಪ ಸಡಿಲ, ಒಮ್ಮೊಮ್ಮೆ ತಾನೇ ಮಿಣುಕುತ್ತದೆ.

ಈಗ ಚಂದ್ರಶೇಖರ್ ಅವರ ವಿಷಯಕ್ಕೆ ಬರಬೇಕು.

ಹಾಸನದ ಕಡೆಯವರಾದ ಚಂದ್ರಶೇಖರ್ ಕೆ.ಜಿ.ಎಫ್.ನಲ್ಲಿ ಕಾರ್ಖಾನೆಯ ನೌಕರಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಹೊರಗಿನಿಂದ ಬಂದ ನೌಕರರ ಕನ್ನಡ ಸಂಘಕ್ಕೆ ಒಂಬತ್ತು ವರ್ಷದಿಂದ ಅಧ್ಯಕ್ಷರು. ಮನುಷ್ಯ ಕೆಟ್ಟವರಲ್ಲ. ಕಾಯಿಲೆ ಕಸಾಲೆ ಎಂದರೆ ಮೊದಲು ಓಡಿ ಬರುವವರೇ ಅವರು. ಬಂದು, ರೋಗಿಯ ಮಂಚದ ಪಕ್ಕ ನಿಂತು ನಾಲ್ಕು ಮಾತಾಡಿಯೇ ಹೋಗುತ್ತಾರೆ. ಹೆಂಡತಿಯ ಹತ್ತಿರ ಕಾಫಿ ಕೇಳುವಾಗಲೂ 'ವಿನಂತಿಸುತ್ತೇನೆ' ಎನ್ನುತ್ತಾರೆಂದು ಅವರ ಸೋದರಳಿಯ ಅನಿಲನೇ ಹೇಳಿದ್ದುಂಟು.

ಈ ಸಲದ ನವೆಂಬರ್ ಸಮಾರಂಭಕ್ಕೆ ಅವರು ಒಂದು ಒಳ್ಳೆಯ ಯೋಚನೆ ಮಾಡಿದರು, ಒಂದು ಕೆಟ್ಟ ಯೋಚನೆಯನ್ನೂ ಮಾಡಿದರು. ಒಳ್ಳೆಯದು, ಹಳೆಯ ಗಣಿ ಕಾರ್ಮಿಕರಲ್ಲಿ ಒಬ್ಬರನ್ನು ಕರೆದು ಸನ್ಮಾನಿಸಿ, ನಾಲ್ಕು ಮಾತಾಡಿಸುವುದು. ಮುನಿನಾರಾಯಣಪ್ಪನ ಹೆಸರು ಬಂತು. ಕೆಟ್ಟದ್ದು, ಸ್ಟೀಲಿನ ಪೋಡಿಯಂ.

ಎದೆಯೆತ್ತರದ, ಥಳಥಳ ಹೊಳೆಯುವ, ಪೂರ್ತಿ ಸ್ಟೀಲಿನ ಪೋಡಿಯಂ. ಮುಂಭಾಗದಲ್ಲಿ ಸಂಘದ ಹೆಸರು ಸಣ್ಣಕ್ಷರದಲ್ಲಿಯೂ ಅಧ್ಯಕ್ಷರ ಹೆಸರು ದೊಡ್ಡಕ್ಷರದಲ್ಲಿಯೂ ಕೊರೆದಿತ್ತು. ಓದಲು ಒಂದು ಬಾಗಿದ ದೀಪ. ಪಕ್ಕದಲ್ಲಿ ಕೊಕ್ಕರೆ ಕತ್ತಿನ ವೈರ್ ಮೈಕು. ಅಧ್ಯಕ್ಷೀಯ ಭಾಷಣದ ನಡುವೆ ಕರೆಂಟು ಹೋಗಬಾರದೆಂದು ಆ ಪೋಡಿಯಮ್ಮಿಗೆ ಮಾತ್ರ ಒಂದು ಸಣ್ಣ ಜನರೇಟರನ್ನೂ ತರಿಸಿದ್ದರು. ಸಭಿಕರು ಕತ್ತಲಲ್ಲಿ ಕೂತರೂ ಅಧ್ಯಕ್ಷರು ಬೆಳಕಿನಲ್ಲಿ ಇರುತ್ತಾರೆ ಎಂಬುದು ವ್ಯವಸ್ಥೆ.

ಭಾನುವಾರ ಮಧ್ಯಾಹ್ನ ಕೆ.ಜಿ.ಎಫ್.ನ ಉರಿಗಾಂನಲ್ಲಿದ್ದ ಹಳೆಯ ಸಭಾಂಗಣಕ್ಕೆ, ಆ ಸಮಾರಂಭದ ಸೌಂಡು ವಹಿಸಿಕೊಂಡಿದ್ದ ಸುಮಲತ ಕಾಲಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದೇ ಅದು. ಸ್ಟೀಲಿಗೆ ವೈರು, ಸ್ಟೀಲಿನ ಮೇಲೆ ಮೈಕು, ಮೈಕಿಗೆ ಇನ್ನೊಂದು ವೈರು. ಅದರ ಮುಂದೆ ನಿಲ್ಲಬೇಕಾದವನು ಅವಳ ಅಪ್ಪ. ಎಪ್ಪತ್ತಾರು ದಾಟಿದ ಮುದುಕ, ಮಂಡಿ ನಡುಗುತ್ತದೆ. ಎಲ್ಲಿ ನಿಂತರೂ ಎದುರಿಗೆ ಸಿಕ್ಕಿದ್ದನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ. ಮಂಚವಾಗಲಿ, ಹಸುವಿನ ಕೊಂಬಾಗಲಿ. ಮೈಕು ಕಂಡರೆ ಒಂದು ಕೈ ಅದರ ಕುತ್ತಿಗೆಗೆ ಹೋಗುವುದು ಖಂಡಿತ. ಬೆಳಿಗ್ಗೆ ಹಾಲು ಕರೆಯುತ್ತ ನಾಗೇಶ ಅದನ್ನೇ ಹೇಳಿದ್ದ, ತಲೆಯೆತ್ತದೆ: "ಮಾವನ ಕೈಗೆ ವೈರ್‌ಲೆಸ್ಸೇ ಕೊಡು ಕಣೇ."

ಅವಳು ಅಧ್ಯಕ್ಷರ ಬಳಿ ಹೋಗಿ, ಅಪ್ಪ ಕುರ್ಚಿಯಲ್ಲಿ ಕೂತೇ ವೈರ್‌ಲೆಸ್ಸಿನಲ್ಲಿ ಮಾತಾಡಲಿ ಎಂದು ಕೇಳಿಕೊಂಡಳು. ಚಂದ್ರಶೇಖರ್ ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ ತಾಯಿ, ಸನ್ಮಾನಿತರು ಪೋಡಿಯಂ ಹಿಂದೆ ನಿಂತರೆ ಅದಕ್ಕೊಂದು ಗಾಂಭೀರ್ಯ. ಕೂತು ಮಾತಾಡಿದರೆ ಹರಟೆಯಾಗುತ್ತದೆ."

ಅವಳು ವಾದಿಸಲಿಲ್ಲ. ಪೋಡಿಯಮ್ಮಿನ ಮೂರು ಪಿನ್ನಿನ ಪ್ಲಗ್ಗನ್ನು ತನ್ನದೇ ಬೋರ್ಡಿಗೆ ಹಾಕಿದಳು. ಆ ಬೋರ್ಡಿನ ಅರ್ಥ್ ವೈರನ್ನು ಹೊರಗೆ ತಾನೇ ನೆಟ್ಟ ಸರಳಿಗೆ ಕಟ್ಟಿದ್ದಳು. ದೀಪ ಹಾಕಿ, ಟೆಸ್ಟರಿನಿಂದ ಸ್ಟೀಲಿನ ನಾಲ್ಕೂ ಮೂಲೆ ಮುಟ್ಟಿ ನೋಡಿದಳು. ಟೆಸ್ಟರ್ ಉರಿಯಲಿಲ್ಲ. ಮತ್ತೆ ನೋಡಿದಳು. ಕೊನೆಗೆ ಜನರೇಟರಿನ ಉಸ್ತುವಾರಿ ಹೊತ್ತಿದ್ದ ಅನಿಲನನ್ನು ಕರೆದಳು. ಅನಿಲ ಡಿಪ್ಲೊಮಾ ಓದಿದವನು, ಕಾರ್ಖಾನೆಯಲ್ಲಿ ಖಾಯಂ ನೌಕರ. ಹಾಲು ಕರೆಯುವ ಮನೆಯ ಹೆಂಗಸಿನಿಂದ ಪ್ಲಗ್ಗಿನ ಬಗ್ಗೆ ಪಾಠ ಕೇಳುವ ಸ್ಥಿತಿ ಬಂತಲ್ಲ ಎಂಬ ಮುಖ ಮಾಡಿದ.

"ಈ ಪ್ಲಗ್ಗು ಇಲ್ಲಿಂದ ಕೀಳಂಗಿಲ್ಲ ಸಾರ್. ಕರೆಂಟ್ ಓದ್ರೂ ನನ್ ಯುಪಿಎಸ್ ಮ್ಯಾಗೆ ನಡೀತದೆ. ಆ ಜನರೇಟರ್ ಬ್ಯಾಡ."

ಆಗಲಿ ಆಗಲಿ ಎಂದ ಅನಿಲ. ಅವಳು ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ 'ಮುಟ್ಟಬೇಡಿ' ಎಂದು ಬರೆದಳು. ಬರೆದ ಮೇಲೂ ಎರಡು ಸಲ ಹಿಂತಿರುಗಿ ನೋಡಿದಳು.

ಸಂಜೆ ಐದಕ್ಕೆ ಮಳೆ ಹಿಡಿಯಿತು. ತಗಡಿನ ಛಾವಣಿಯ ಮೇಲೆ ಅದು ಬೀಳುವ ಸದ್ದಿಗೆ ಪಕ್ಕದವರ ಮಾತೂ ಕೇಳದು. ವೇದಿಕೆಯ ಮೇಲೆ ಭುವನೇಶ್ವರಿಯ ಪಟದ ಮುಂದೆ ದೀಪ ಹಚ್ಚಿದ್ದರಿಂದ ಎಲ್ಲರೂ ಚಪ್ಪಲಿ ಕೆಳಗೆ ಬಿಟ್ಟು ಒದ್ದೆ ಕಾಲಲ್ಲಿ ಹತ್ತಿದರು. ಗಣ್ಯರೊಬ್ಬೊಬ್ಬರು ಹತ್ತಿದಾಗಲೂ ಜಮಖಾನ ಇನ್ನಷ್ಟು ನೆನೆಯಿತು. ಹಿಂದಿನ ಗೋಡೆಗೆ ಒತ್ತಿ ಕೂತಿದ್ದ ಸುಮಲತ ಎಣಿಸುತ್ತಿದ್ದದ್ದು ಗಣ್ಯರನ್ನಲ್ಲ, ಬರಿಗಾಲುಗಳನ್ನು.

ಪ್ರಾರ್ಥನೆಗೆ ನಿಂತ ಮೂವರು ಹೆಂಗಸರ ಮುಂದೆ ಒಂದೇ ಮೈಕಿದ್ದರೆ ಫೋಟೋದಲ್ಲಿ ಚೆನ್ನಾಗಿ ಕಾಣದೆಂದು ಅಧ್ಯಕ್ಷರು ಅವಳ ಮೂರೂ ವೈರ್‌ಲೆಸ್ಸುಗಳನ್ನು ವೇದಿಕೆಗೆ ತರಿಸಿಕೊಂಡರು. ಮೂರನೆಯದು ಅವಳು ಯಾವಾಗಲೂ ತನ್ನ ಹತ್ತಿರ ಇಟ್ಟುಕೊಳ್ಳುವ ಮೈಕು. ಏನಾದರೂ ಎಡವಟ್ಟಾದರೆ ಹಿಂದಿನಿಂದಲೇ ಹೇಳಲಿಕ್ಕೆ. ಪ್ರಾರ್ಥನೆ ಮುಗಿದ ಮೇಲೆ ಒಂದು ನಿರೂಪಕಿ ಜ್ಯೋತ್ಸ್ನಾಳ ಕೈಯಲ್ಲಿ ಉಳಿಯಿತು, ಒಂದು ಸ್ಟ್ಯಾಂಡಿನ ಮೇಲೆ ಉಳಿಯಿತು. ಮೂರನೆಯದನ್ನು ಅಧ್ಯಕ್ಷರು, ಎಂದಾದರೂ ಬೇಕಾಗಬಹುದೆಂದು, ತೊಡೆಯ ಮೇಲಿಟ್ಟುಕೊಂಡರು. ಸುಮಲತ ಅದನ್ನು ಮ್ಯೂಟ್ ಮಾಡಿ, ವಾಪಸು ಕೊಡಿ ಎಂದು ಕೈ ಸನ್ನೆ ಮಾಡಿದಳು. ಅವರು ಅಭಿಮಾನಿಯೊಬ್ಬಳ ನಮಸ್ಕಾರವೆಂದು ಭಾವಿಸಿ ತಲೆಬಾಗಿದರು.

ಅಧ್ಯಕ್ಷೀಯ ಭಾಷಣ ನಲವತ್ತು ನಿಮಿಷ ನಡೆಯಿತು. ಕರೆಂಟು ಹೋಗಲಿಲ್ಲ. ಕೊನೆಕೊನೆಗೆ ಸಭಿಕರಲ್ಲಿ ಕೆಲವರು ಬಲ್ಬುಗಳ ಕಡೆ ಆಸೆಯಿಂದ ನೋಡುತ್ತಿದ್ದರು. ಚಂದ್ರಶೇಖರ್ ಮುಗಿಸಿ ಕುರ್ಚಿಗೆ ಮರಳಿದರು. ಜ್ಯೋತ್ಸ್ನಾ ಮುನಿನಾರಾಯಣಪ್ಪನ ಹೆಸರು ಕರೆದಳು. ಮುದುಕ ಹೆಗಲ ಶಾಲು ಸರಿಮಾಡಿಕೊಂಡು, ಬಿದಿರಿನ ಕೋಲೂರಿ ವೇದಿಕೆಯ ಕುರ್ಚಿಯಿಂದ ಎದ್ದ.

ಆಗ ಕರೆಂಟು ಹೋಯಿತು.

ಸುಮಲತಳಿಗೆ ಗಾಬರಿಯಾಗಲಿಲ್ಲ, ಅವಳ ಯುಪಿಎಸ್ ಇತ್ತು. ಮೈಕುಗಳ ದನಿ ಕೂಡಿಸುವ ಮಿಕ್ಸರಿನ ಹಸಿರು ದೀಪಗಳು ಹಾಗೇ ಉರಿಯುತ್ತಿದ್ದವು. ಆದರೆ ಪೋಡಿಯಮ್ಮಿನ ದೀಪ ಒಮ್ಮೆ ಆರಿತು. ಯಾಕೆ ಆರಬೇಕು? ಆರಬಾರದಿತ್ತಲ್ಲ. ಅವಳು ಎದ್ದು ಮಿಕ್ಸರಿನ ವೈರುಗಳನ್ನು ತಡವಿ ನೋಡುತ್ತಿದ್ದ ಒಂದು ನಿಮಿಷದಲ್ಲಿ ಹೊರಗೆ ಜನರೇಟರು ಭರ್ರೆಂದಿತು, ಪೋಡಿಯಮ್ಮಿನ ದೀಪ ಮತ್ತೆ ಹೊತ್ತಿಕೊಂಡಿತು. ಇಡೀ ಸಭಾಂಗಣದಲ್ಲಿ ದೊಡ್ಡ ಬೆಳಕೆಂದರೆ ಅದೊಂದೇ. ಜನ ಚಪ್ಪಾಳೆ ತಟ್ಟಿದರು. ಚಂದ್ರಶೇಖರ್ ಕೂತಲ್ಲೇ ಕೈ ಎತ್ತಿ ಅದನ್ನು ಸ್ವೀಕರಿಸಿದರು.

ಚಪ್ಪಾಳೆಯ ಅಡಿಯಲ್ಲಿ, ಸ್ಪೀಕರಿನಿಂದ, ಅದು ಬಂತು. ಗುಂಯ್ ಎನ್ನುವ ದಪ್ಪನೆಯ ಗುಂಗು.

ಐದು ವರ್ಷದಿಂದ ಅವಳು ನಿದ್ದೆಯಲ್ಲಿ ಕೇಳಿಸಿಕೊಂಡ ಸದ್ದು ಅದು. ಅವಳ ಕೈ ತಾನಾಗೇ ಪೋಡಿಯಂ ಮೈಕಿನ ಗುಂಡಿಯನ್ನು ಕೆಳಗೆಳೆಯಿತು. ಗುಂಗು ನಿಂತಿತು. ಆದರೆ ನಿಂತದ್ದು ಸದ್ದು ಮಾತ್ರ. ಸ್ಟೀಲಿನ ಮೇಲಿರುವ ಕರೆಂಟು ಅವಳ ಗುಂಡಿಯ ಮಾತು ಕೇಳುವುದಿಲ್ಲ. ಕೊಕ್ಕರೆ ಕತ್ತಿನ ಮೈಕು ಅವಳ ಮಿಕ್ಸರಿನ ಮೂಲಕ ಭೂಮಿಗೆ ಸೇರಿದೆ. ಒಂದು ಕೈ ಸ್ಟೀಲಿನ ಮೇಲೆ, ಒಂದು ಕೈ ಮೈಕಿನ ಮೇಲೆ. ನಡುವೆ ಅಪ್ಪ.

ಅಪ್ಪ ಆ ಒಂದೇ ಬೆಳಕಿನ ಕಡೆ ನಡೆಯುತ್ತಿದ್ದ. ಮೆಲ್ಲಗೆ, ಕೋಲೂರುತ್ತ. ಇನ್ನು ಎಂಟು ಹೆಜ್ಜೆ ಇರಬಹುದು.

ಅವಳು ಮುಟ್ಟಬೇಡ ಎಂದು ಕೂಗಿದಳು. ಮಳೆ ಅದನ್ನು ನುಂಗಿತು. ಮಳೆ ಬಿಟ್ಟದ್ದನ್ನು ಜನರೇಟರು ನುಂಗಿತು; ಮೇಲಿಂದ ಜ್ಯೋತ್ಸ್ನಾ ತನ್ನ ಮೈಕಿನಲ್ಲಿ, ದಯವಿಟ್ಟು ಸಹಕರಿಸಿ, ದಯವಿಟ್ಟು ಸಹಕರಿಸಿ ಎಂದು ಇನ್ನೂರು ಜನರನ್ನು ಬೇಡಿಕೊಳ್ಳುತ್ತಿದ್ದಳು. ಸುಮಲತಳ ಮೈಕು ಅಧ್ಯಕ್ಷರ ತೊಡೆಯ ಮೇಲಿತ್ತು. ಓಡಿದರೆ ನಡುವೆ ಹದಿನೈದು ಸಾಲು ಕುರ್ಚಿ. ಸಭಿಕರು ಒಬ್ಬೊಬ್ಬರಾಗಿ ಫೋನಿನ ಬಿಳಿ ಬೆಳಕು ಎತ್ತತೊಡಗಿದ್ದರು.

ಅವಳ ಕೈಗೆ ಹಿತ್ತಾಳೆ ಟಾರ್ಚು ಸಿಕ್ಕಿತು.

ಒಂದು ಮಿಣುಕು. ಒಂದೇ. ಎರಡಾದರೆ ನಡೆಯಲಿ ಎಂದು ಅರ್ಥ, ಅಪ್ಪ ಧೈರ್ಯವಾಗಿ ಮುಂದೆ ಹೋಗಿ ಹಿಡಿದುಕೊಳ್ಳುತ್ತಾನೆ. ಗುಂಡಿ ಮೊದಲೇ ಸಡಿಲ. ಅವಳು ಕುರ್ಚಿಯ ಮೇಲೆ ಹತ್ತಿ ನಿಂತು, ಟಾರ್ಚನ್ನು ತಲೆಯ ಮೇಲೆತ್ತಿ, ಒತ್ತಿದಳು. ಹೊತ್ತಿಕೊಂಡಿತು. ತಕ್ಷಣ ಅಂಗೈಯನ್ನು ಗಾಜಿನ ಮೇಲೆ ಅದುಮಿ ಮುಚ್ಚಿದಳು. ಟಾರ್ಚು ಅಂಗೈಯೊಳಗೆ ತನ್ನಷ್ಟಕ್ಕೆ ಎರಡು ಸಲ, ಮೂರು ಸಲ ಮಿಣುಕಿತು. ಬೆರಳ ಸಂದಿಯಿಂದಲೂ ಅದನ್ನು ಹೊರಗೆ ಬಿಡಲಿಲ್ಲ.

ಆಮೇಲೆ ಅವಳು ಉಸಿರು ಬಿಗಿಹಿಡಿದು ನೋಡಿದಳು. ಅಷ್ಟು ಬಿಳಿ ಬೆಳಕುಗಳ ನಡುವೆ ಒಂದು ಅರಿಶಿನ ಮಿಣುಕನ್ನು ಆ ಮುದಿ ಕಣ್ಣು ಕಂಡೀತೇ ಎಂದು.

ಮುನಿನಾರಾಯಣಪ್ಪ ನಿಂತ. ಸ್ಟೀಲಿಗೆ ಒಂದು ಮೊಳ ದೂರ. ಪೋಡಿಯಮ್ಮಿನ ಕಡೆ ಚಾಚಿದ್ದ ಎಡಗೈ ಚಾಚಿದಂತೆಯೇ ಗಾಳಿಯಲ್ಲಿ ನಿಂತಿತು. ಬಲಗೈಯ ಕೋಲು ಮೇಲಕ್ಕೇರಿ ವೇದಿಕೆಯ ಹಲಗೆಯ ಮೇಲೆ ಒಂದು ಸಲ ಬಿತ್ತು. ಅದು ವಾಪಸು ಗಂಟೆ. ಮಳೆಯ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಕೋಲು ಏರಿಳಿದದ್ದು ಕಂಡಿತು, ಅಷ್ಟು ಸಾಕಾಯಿತು. ಅವಳು ಕುರ್ಚಿಯಿಂದ ಜಿಗಿದು ಓಡಿದಳು.

ವೇದಿಕೆಯ ಮೇಲಿದ್ದವರಿಗೆ ಮಾತ್ರ ಕಂಡದ್ದೇ ಬೇರೆ. ಸನ್ಮಾನಿತರು ಪೋಡಿಯಮ್ಮಿನ ಮುಂದೆ ಕೈಚಾಚಿಕೊಂಡು ಕಲ್ಲಾಗಿದ್ದಾರೆ. ಭಾವೋದ್ವೇಗ ಎಂದು ಚಂದ್ರಶೇಖರ್ ಅರ್ಥಮಾಡಿಕೊಂಡರು. ಇಂಥ ಗಳಿಗೆಯಲ್ಲಿ ಅಧ್ಯಕ್ಷರಾದವರು ಮಾಡಬೇಕಾದ್ದೇನೆಂಬುದು ಅವರಿಗೆ ಗೊತ್ತಿತ್ತು. ಎದ್ದು ಬಂದು ಮುದುಕನ ಹೆಗಲ ಮೇಲೆ ಎಡಗೈ ಇಟ್ಟರು. ಬನ್ನಿ ಹಿರಿಯರೇ, ಸಂಕೋಚ ಬೇಡ ಎಂದರು. ಹಿರಿಯರು ಕದಲಲಿಲ್ಲ. ಸರಿ, ಅಷ್ಟರಲ್ಲಿ ತಾವೇ ಎರಡು ಮಾತಾಡಿ ಸಭೆಯನ್ನು ಹಿಡಿದಿಡೋಣವೆಂದು ಅಧ್ಯಕ್ಷರು ಬಲಗೈಯನ್ನು ಪೋಡಿಯಮ್ಮಿನ ಕಡೆ ಚಾಚಿದರು.

ಬಿದಿರಿನ ಕೋಲು ಅವರ ಮಣಿಕಟ್ಟಿನ ಮೇಲೆ ಬಿತ್ತು.

ಮುಂದಿನ ಸಾಲು ಹಾ ಎಂದಿತು. ಒಂಬತ್ತು ವರ್ಷದ ಅಧ್ಯಕ್ಷಗಿರಿಯಲ್ಲಿ ಚಂದ್ರಶೇಖರ್ ಟೀಕೆಗಳನ್ನು ಕಂಡಿದ್ದರು, ಕೋಲನ್ನು ಕಂಡಿರಲಿಲ್ಲ. ಕೈ ಹಿಡಿದುಕೊಂಡು, ಏನಿದು, ಏನಿದು ಎಂದರು. ಮುದುಕ ಅವರ ಕಡೆ ತಿರುಗಿಯೂ ನೋಡದೆ ಹೇಳಿದ:

"ಒಂದು ಗಂಟೆ ಆಗೈತೆ. ಸುಮ್ಕೆ ನಿಂತ್ಕಳಲಾ."

'ಲಾ' ಎನಿಸಿಕೊಂಡದ್ದು ಕೋಲಿಗಿಂತ ಜೋರಾಗಿ ನಾಟಿತು. ಅಧ್ಯಕ್ಷರು ಆ ಹೊಡೆತಕ್ಕೇ ನಿಂತರು. ಹಾಗೆ ಇಬ್ಬರೂ ನಿಂತಿರುವಾಗ ಸುಮಲತ ಏದುಸಿರು ಬಿಡುತ್ತ ವೇದಿಕೆ ಹತ್ತಿದಳು. ಸೆರಗಿನಿಂದ ಒಣ ಮಾಡಿಕೊಂಡ ಕೈಯಲ್ಲಿ ಟೆಸ್ಟರ್ ತೆಗೆದು ಅದರ ತುದಿಯನ್ನು ಪೋಡಿಯಮ್ಮಿನ ಮೇಲೆ, ಅಧ್ಯಕ್ಷರ ಹೆಸರಿನ ಮೊದಲಕ್ಷರದ ಮೇಲೆ ಇಟ್ಟಳು. ಟೆಸ್ಟರಿನ ಹೊಟ್ಟೆಯಲ್ಲಿ ಸಣ್ಣ ಕೆಂಪು ದೀಪ ಹೊತ್ತಿತು. ಆ ಕತ್ತಲಲ್ಲಿ ಅದು ಮೂರನೆಯ ಸಾಲಿಗೂ ಕಂಡಿತು. ಚಂದ್ರಶೇಖರ್ ನಾಲ್ಕು ಹೆಜ್ಜೆ ಹಿಂದೆ ಹೋದರು. ಐದನೆಯದಕ್ಕೆ ಕುರ್ಚಿ ತಾಗಿ ತಾವಾಗೇ ಕೂತರು.

ಜನರೇಟರು ಆರಿಸಿದ ಮೇಲೆ ನೋಡಿದರೆ ವಿಷಯ ಸರಳವಾಗಿತ್ತು. ಕರೆಂಟು ಹೋದೊಡನೆ ಅನಿಲ, ಮಾವನ ಪೋಡಿಯಮ್ಮಿಗೆ ಬೆಳಕು ಕೊಡುವ ತನ್ನ ಗಳಿಗೆ ಬಂತೆಂದು ಅವಳ ಬೋರ್ಡಿನಿಂದ ಪ್ಲಗ್ಗು ಕಿತ್ತಿದ್ದ. ಯುಪಿಎಸ್ಸಿನ ಮೇಲೆ ದೀಪ ಉರಿಯುತ್ತಲೇ ಇತ್ತು. ಅವನು ಕಿತ್ತಿದ್ದಕ್ಕೇ ಅದು ಆರಿದ್ದು. ಜನರೇಟರಿನ ತೂತಿಗೆ ಆ ಪ್ಲಗ್ಗು ಹಿಡಿಯುವುದಿಲ್ಲವೆಂದು ಅವನಿಗೆ ಮಧ್ಯಾಹ್ನವೇ ಗೊತ್ತಿತ್ತು. ಹಾಗಾಗಿ ಕತ್ತರಿ ಸಿದ್ಧವಿತ್ತು. ಪ್ಲಗ್ಗನ್ನು ಕತ್ತರಿಸಿ, ಎರಡು ವೈರುಗಳ ಸಿಪ್ಪೆ ತೆಗೆದು ತೂತಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿದ್ದ. ಹಸಿರು ಅರ್ಥ್ ವೈರು ಯಾವ ತೂತಿಗೂ ಬೇಡವಾಗಿ ನೆಲದ ಮೇಲೆ ಬಿದ್ದಿತ್ತು. ಸಾಲದ್ದಕ್ಕೆ ಕತ್ತಲಲ್ಲಿ ಎಳೆದ ರಭಸಕ್ಕೆ ವೈರು ಪೋಡಿಯಮ್ಮಿನ ಅಂಚಿನಡಿ ಸಿಕ್ಕಿ, ಸುಲಿದು, ತಾಮ್ರ ಸ್ಟೀಲಿಗೆ ತಾಗಿತ್ತು. ಸುಮಲತ ಆ ಬೆಂಕಿಕಡ್ಡಿಗಳನ್ನು ಕಿತ್ತು ಡಿಪ್ಲೊಮಾದ ಅಂಗೈಯಲ್ಲಿ ಇಟ್ಟಳು.

ಅಪ್ಪ ಇನ್ನೂ ನಿಂತೇ ಇದ್ದ. ಚಾಚಿದ ಕೈಯನ್ನು ಇಳಿಸಿರಲಿಲ್ಲ. ಕೂತ್ಕೋ ಅಪ್ಪ ಎಂದು ಮೂರು ಜನ ಹೇಳಿದರು. ಅವನು ಯಾರ ಮಾತಿಗೂ ಜಗ್ಗಲಿಲ್ಲ. ಸುಮಲತ ಹಿತ್ತಾಳೆ ಟಾರ್ಚು ತೆಗೆದು ಅವನ ಮುಂದೆ ಮೂರು ಸಲ ಮಿಣುಕಿಸಿದಳು. ಮನುಷ್ಯರಿದ್ದಾರೆ, ಮೆಲ್ಲಗೆ. ಕೋಲು ಹಲಗೆಯ ಮೇಲೆ ಮೂರು ಸಲ ಬಿತ್ತು. ಆಮೇಲೆ ಅವನು ಕೈ ಇಳಿಸಿ, ಕುರ್ಚಿಗೆ ನಡೆದು ಕೂತ.

ಅವಳು ಸ್ಟ್ಯಾಂಡಿನ ಮೇಲಿದ್ದ ವೈರ್‌ಲೆಸ್ ಮೈಕು ತಂದು ಕೊಟ್ಟಳು. ಅಪ್ಪ ನಿರೀಕ್ಷೆಯಂತೆ ಅದನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಂಡ. ಹಿಡಿದುಕೊಳ್ಳಲಿ ಎಂದು ಅವಳು ಮೊದಲ ಸಲ ಉಸಿರು ಬಿಟ್ಟಳು. ಫೋನುಗಳ ಬೆಳಕಿನಲ್ಲಿ ಅವನು ಮಾತಾಡಿದ್ದು ಇಷ್ಟೇ:

"ಮೂವತ್ತೊರ್ಸ ಗಂಟೆ ಒಡ್ದಿದೀನಿ. ವಾಪಸ್ ಗಂಟೆ ಬರ್ದೆ ಒಬ್ರನ್ನೂ ಕಳಿಸ್ಲಿಲ್ಲ. ಇನ್ನೇನೂ ಇಲ್ಲ ಯೋಳಕ್ಕೆ."

ಮಳೆ ಕಡಿಮೆಯಾಗಿತ್ತು. ಹದಿನೈದನೆಯ ಸಾಲಿಗೂ ಸ್ಪಷ್ಟವಾಗಿ ಕೇಳಿಸಿತು, ಒಂದಕ್ಷರವೂ ನುಂಗಿಹೋಗಲಿಲ್ಲ. ಸಭೆಯ ಹಿಂದೆ ಕೂತಿದ್ದ ನಾಲ್ಕೈದು ಹಳೆಯ ಗಣಿಯವರು ಚಪ್ಪಾಳೆ ತಟ್ಟಲಿಲ್ಲ. ಕಾಲಿನಿಂದ ನೆಲವನ್ನು ಮೂರು ಸಲ ಕುಟ್ಟಿದರು.

ಕಾರ್ಯಕ್ರಮ ಮುಗಿದು, ಕರೆಂಟು ಬಂದು, ಜನ ಉಪ್ಪಿಟ್ಟಿನ ಕಡೆ ಹೊರಟರು. ಸುಮಲತ ಹಿಂದಿನ ಗೋಡೆಯ ಹತ್ತಿರ ನೆಲದ ಮೇಲೆ ಕೂತು, ಮೂರೂ ಮೈಕಿನ ಬ್ಯಾಟರಿಗಳನ್ನು ಬಿಚ್ಚಿ, ಹಾಕಿ, ಮತ್ತೆ ಬಿಚ್ಚುತ್ತಿದ್ದಳು. ಮಾಡುವ ಅಗತ್ಯವಿರಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ಪಕ್ಕದಲ್ಲಿ ಅಪ್ಪ ಉಪ್ಪಿಟ್ಟಿನಲ್ಲಿ ಮೆಣಸಿನಕಾಯಿ ಆರಿಸಿ ತೆಗೆಯುತ್ತ ಕೂತಿದ್ದ.

ಆಗ ಚಂದ್ರಶೇಖರ್ ಫೋಟೋದವನನ್ನು ಕರೆದುಕೊಂಡು ಬಂದರು. ಮಣಿಕಟ್ಟಿನ ಮೇಲೆ ಒದ್ದೆ ಕರ್ಚೀಫು ಕಟ್ಟಿತ್ತು. ಮೊದಲು ಗಂಟಲು ಸರಿಮಾಡಿಕೊಂಡು ಅವಳಿಗೂ ಹಿರಿಯರಿಗೂ ಸಂಘದ ಪರವಾಗಿ ಕೃತಜ್ಞತೆ ಅರ್ಪಿಸಿದರು. ನಿಜವಾಗಿಯೂ ಅವರ ಕಣ್ಣು ಒದ್ದೆಯಾಗಿತ್ತು. ಆಮೇಲೆ ಸ್ವಲ್ಪ ಬಾಗಿ, ದನಿ ತಗ್ಗಿಸಿ, ಭಾಷಣದುದ್ದಕ್ಕೂ ಬಾಯಿ ತೆರೆದೇ ಇದ್ದುದರಿಂದ ಪೋಡಿಯಮ್ಮಿನ ಹಿಂದೆ ತಮ್ಮದೊಂದೂ ಒಳ್ಳೆಯ ಫೋಟೋ ಬಂದಿಲ್ಲವೆಂದೂ, ಪ್ಲಗ್ಗು ಹೋದದ್ದರಿಂದ ಅನಿಲ ಜನರೇಟರನ್ನೇ ಹಾಕಿಕೊಟ್ಟರೆ ಆ ದೀಪದ ಬೆಳಕೇ ಚೆನ್ನ ಎಂದು ಫೋಟೋದವನು ಹೇಳುತ್ತಿದ್ದಾನೆಂದೂ ತಿಳಿಸಿದರು.

"ನಾನೇನೂ ಮಾತಾಡುವುದಿಲ್ಲ ತಾಯಿ. ಫೋಟೋಕ್ಕೆ ಮಾತ್ರ ಒಂದು ಕೈ ಪೋಡಿಯಂ ಮೇಲೆ, ಒಂದು ಕೈ ಮೈಕಿನ ಮೇಲೆ ಇಟ್ಟುಕೊಂಡು ಸುಮ್ಮನೆ ನಿಂತರೂ ಶಾಕ್ ಹೊಡೆಯುತ್ತದೆಯೇ?"

ಸುಮಲತ ಬ್ಯಾಟರಿಯಿಂದ ತಲೆಯೆತ್ತಿದಳು.

"ಒಡೀತದೆ ಸಾರ್," ಅಂದಳು. "ಫೋಟೋ ಮಾತ್ರ ಚೆನ್ನಾಗ್ ಬತ್ತದೆ."